ಗೇಮ್ ತೆಗೆದು ಮೋಡ ಉಳಿಸುವುದು ಹೇಗೆ: ಕೋರಿ ಆರ್ಕೇಂಜೆಲ್ ದಾರಿಯಲ್ಲಿ ಒಂದು ಕಲಾಕೃತಿ

ಟಿವಿ ಗೇಮ್‌ಗೆ ಕ್ಯಾಸೆಟ್ ಸಿಕ್ಕಿಸಿ ಮಾರಿಯೋ ಆಡಿದವರಿಗೆಲ್ಲ ಆ ಆಕಾಶ ನೆನಪಿರುತ್ತದೆ. ತಿಳಿನೀಲಿ ಬಣ್ಣ, ಅಲ್ಲಲ್ಲಿ ಬಿಳಿ ಮೋಡ. ಆದರೆ ಆಡುವಾಗ ನಾವು ಯಾರೂ ಆಕಾಶ ನೋಡಲಿಲ್ಲ, ಅಲ್ವಾ? ಕಣ್ಣೆಲ್ಲ ಹಳ್ಳದ ಮೇಲೆ, ಆಮೆಯ ಮೇಲೆ, ಮುಂದಿನ ಇಟ್ಟಿಗೆಯ ಮೇಲೆ. 2002ರಲ್ಲಿ ಕೋರಿ ಆರ್ಕೇಂಜೆಲ್ ಎಂಬ ಅಮೆರಿಕದ ಕಲಾವಿದ ಅದೇ ಕ್ಯಾಸೆಟ್ ಬಿಚ್ಚಿ, ಒಳಗಿನ ಒಂದು ಚಿಪ್ ಬದಲಿಸಿ, ಮಾರಿಯೋ ಇಲ್ಲ, ನೆಲ ಇಲ್ಲ, ಶತ್ರು ಇಲ್ಲ, ನಾಣ್ಯ ಇಲ್ಲ, ಸಂಗೀತವೂ ಇಲ್ಲ ಅನ್ನುವ ಹಾಗೆ ಮಾಡಿಬಿಟ್ಟ. ಉಳಿದದ್ದು ಮೋಡಗಳು ಮಾತ್ರ. ಅವು ನಿಧಾನವಾಗಿ ತೇಲಿ ಹೋಗುತ್ತಾ ಇರುತ್ತವೆ. ಕೃತಿಯ ಹೆಸರು ಸೂಪರ್ ಮಾರಿಯೋ ಕ್ಲೌಡ್ಸ್. 2004ರಲ್ಲಿ ನ್ಯೂಯಾರ್ಕ್‌ನ ವಿಟ್ನಿ ಮ್ಯೂಸಿಯಂನ ದ್ವೈವಾರ್ಷಿಕ ಪ್ರದರ್ಶನದಲ್ಲಿ ಅದನ್ನು ತೋರಿಸಿದರು.

ಈ ಬರಹ ಆ ಕೆಲಸವನ್ನು ನೀವೇ ಮಾಡಿ ನೋಡುವುದಕ್ಕೆ. ಆರ್ಕೇಂಜೆಲ್ ತನ್ನ ಕೋಡನ್ನೂ ಮಾಡುವ ವಿಧಾನವನ್ನೂ ಎಲ್ಲರಿಗೂ ಸಿಗುವ ಹಾಗೆ ಇಟ್ಟಿದ್ದಾನೆ, ಆದ್ದರಿಂದ ಇದರಲ್ಲಿ ಗುಟ್ಟೇನೂ ಇಲ್ಲ. ನಾನು ಹೇಳುವುದು ಅದರ ನಕಲು ಮಾಡುವುದನ್ನಲ್ಲ. ಅದೇ ಯಂತ್ರದ ಮೇಲೆ, ಅದೇ ರೀತಿಯಲ್ಲಿ, ನಿಮ್ಮದೇ ಆಕಾಶ ಮಾಡುವುದು ಹೇಗೆ ಅಂತ.

ಮೊದಲೇ ಒಂದು ಮಾತು. ಮೋಡ ತೇಲುವ ವಿಡಿಯೋ ಬೇಕು ಅಂದರೆ ಯಾವುದಾದರೂ ಅನಿಮೇಶನ್ ಆಪ್‌ನಲ್ಲಿ ಹತ್ತು ನಿಮಿಷದಲ್ಲಿ ಆಗುತ್ತದೆ. ಅದನ್ನು ಮಾಡಬೇಡಿ. ವಿಡಿಯೋ ಅಂದರೆ ಮುಗಿದುಹೋದದ್ದರ ದಾಖಲೆ. ಇಲ್ಲಿ ಹಾಗಲ್ಲ, ಯಂತ್ರ ಸೆಕೆಂಡಿಗೆ 60 ಸಲ ಆ ಮೋಡವನ್ನು ಹೊಸದಾಗಿ ಬರೆಯುತ್ತಾ ಇರುತ್ತದೆ, ನೀವು ನೋಡುವ ಹೊತ್ತಿನಲ್ಲೇ. ಸ್ವಿಚ್ ಆರಿಸಿದರೆ ಆಕಾಶ ಹೋಯಿತು. ಈ ವ್ಯತ್ಯಾಸ ಕೈಯಾರೆ ಮಾಡಿದ ಮೇಲೆ ತುಂಬ ಚೆನ್ನಾಗಿ ಗೊತ್ತಾಗುತ್ತದೆ.

ಏನೇನು ಬೇಕು

ಖರ್ಚು ಹೆಚ್ಚುಕಡಿಮೆ ಇಲ್ಲ. ಹಳೆಯ ಲ್ಯಾಪ್‌ಟಾಪ್ ಸಾಕು. ಸಿಸಿ65 ಎಂಬ ಉಚಿತ ಸಾಫ್ಟ್‌ವೇರ್ ಕಂತೆ ಹಾಕಿಕೊಳ್ಳಿ, ಅದರಲ್ಲಿ ಸಿಎ65 ಅನ್ನುವುದು ಅಸೆಂಬ್ಲರ್ (ನೀವು ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವುದು), ಎಲ್‌ಡಿ65 ಅನ್ನುವುದು ಲಿಂಕರ್ (ತುಂಡುಗಳನ್ನು ಜೋಡಿಸಿ ಒಂದು ಫೈಲ್ ಮಾಡುವುದು). ಓಡಿಸಿ ನೋಡಲು ಮೆಸೆನ್ ಅಥವಾ ಎಫ್‌ಸಿಇಯುಎಕ್ಸ್ ಎಂಬ ಎಮ್ಯುಲೇಟರ್, ಅಂದರೆ ಕಂಪ್ಯೂಟರ್‌ನಲ್ಲೇ ಆ ಗೇಮ್ ಯಂತ್ರದ ಹಾಗೆ ನಡೆಯುವ ಸಾಫ್ಟ್‌ವೇರ್. ಚಿತ್ರ ಬರೆಯಲು ವೈವೈ-ಸಿಎಚ್‌ಆರ್. ಬರೆಯಲು ಯಾವುದಾದರೂ ಟೆಕ್ಸ್ಟ್ ಎಡಿಟರ್. ಜೊತೆಗೆ ಚೌಕುಳಿ ಗೆರೆಯ ಒಂದು ಲೆಕ್ಕದ ಪುಸ್ತಕ ಮತ್ತು ಪೆನ್ಸಿಲ್ ಇಟ್ಟುಕೊಳ್ಳಿ, ಸುಮ್ನೆ ಹೇಳುತ್ತಿಲ್ಲ, ಜಾಸ್ತಿ ಕೆಲಸ ಅದರಲ್ಲೇ ಆಗುತ್ತದೆ. ಎಲ್ಲಾದರೂ ಸಿಕ್ಕಿಕೊಂಡರೆ ನೆಸ್‌ಡೆವ್ ವಿಕಿ ಎಂಬ ವೆಬ್‌ಸೈಟ್ ತೆರೆಯಿರಿ, ಈ ಯಂತ್ರದ ಒಂದೊಂದು ಬಿಟ್ ಬಗ್ಗೆಯೂ ಅಲ್ಲಿ ಬರೆದಿದ್ದಾರೆ.

ಯಂತ್ರ ಅಂದರೆ ನಿಂಟೆಂಡೊ ಎಂಟರ್‌ಟೈನ್‌ಮೆಂಟ್ ಸಿಸ್ಟಮ್, ಚಿಕ್ಕದಾಗಿ ನೆಸ್. ನಮ್ಮಲ್ಲಿ 90ರ ದಶಕದಲ್ಲಿ ಮನೆಮನೆಗೆ ಬಂದ ಟಿವಿ ಗೇಮ್‌ಗಳಲ್ಲಿ ಬಹಳಷ್ಟು ಇದರ ಜಪಾನಿ ರೂಪವಾದ ಫ್ಯಾಮಿಕಾಮ್‌ನ ತದ್ರೂಪುಗಳು. ಹಾಗಾಗಿ ನಿಂಟೆಂಡೊ ಹೆಸರೇ ಕೇಳದೆ ಮಾರಿಯೋ ಆಡಿದ ಒಂದು ಇಡೀ ತಲೆಮಾರು ನಮ್ಮಲ್ಲಿದೆ. ನೀವು ಈಗ ಕೈ ಹಾಕುತ್ತಿರುವುದು ಅದೇ ಯಂತ್ರಕ್ಕೆ.

ಮೊದಲ ದಿನ ಸುಮ್ಮನೆ ನೋಡಿ

ಕೋಡ್‌ಗೆ ಹೋಗುವ ಮೊದಲು ಮೋಡವನ್ನು ಸರಿಯಾಗಿ ನೋಡಬೇಕು. ನಿಮ್ಮ ಹತ್ತಿರ ಗೇಮ್ ಇದ್ದರೆ ಮೊದಲ ಹಂತದಲ್ಲಿ ಮಾರಿಯೋನನ್ನು ನಿಲ್ಲಿಸಿಬಿಟ್ಟು ಆಕಾಶ ನೋಡಿ. ಮೋಡಕ್ಕೆ ಕಪ್ಪು ಅಂಚು, ಬಿಳಿ ಮೈ, ಹೊಟ್ಟೆಯಲ್ಲಿ ಒಂದಿಷ್ಟು ತಿಳಿನೀಲಿ. ದೊಡ್ಡ ಮೋಡ ಅಂದರೆ ಬೇರೆ ಚಿತ್ರ ಅಲ್ಲ, ಚಿಕ್ಕ ಮೋಡದ ನಡುವಿನ ತುಂಡನ್ನೇ ಎರಡು ಮೂರು ಸಲ ಹಾಕಿದ್ದಾರೆ. ಈಗ ನೆಲದ ಮೇಲಿರುವ ಪೊದೆ ನೋಡಿ. ಅದು ಮೋಡದ ಮೇಲಿನ ಅರ್ಧ! ಅದೇ ಚಿತ್ರ, ಬಣ್ಣ ಮಾತ್ರ ಹಸಿರು. 1985ರಲ್ಲಿ ಈ ಗೇಮ್ ಮಾಡಿದವರಿಗೆ ಜಾಗ ಅಷ್ಟು ಕಡಿಮೆ ಇತ್ತು: ಪ್ರೋಗ್ರಾಂಗೆ 32 ಕಿಲೋಬೈಟ್, ಚಿತ್ರಕ್ಕೆ 8 ಕಿಲೋಬೈಟ್. ಇವತ್ತು ವಾಟ್ಸಾಪ್‌ನಲ್ಲಿ ಬರುವ ಒಂದು ಶುಭೋದಯದ ಚಿತ್ರ ಇದಕ್ಕಿಂತ ದೊಡ್ಡದಿರುತ್ತದೆ.

ಈ ಎರಡು ಅಂಕಿ ಎರಡು ಬೇರೆ ಬೇರೆ ಚಿಪ್‌ಗಳದ್ದು. ಆರ್ಕೇಂಜೆಲ್‌ನ ಕೃತಿಯೆಲ್ಲ ನಿಂತಿರುವುದು ಇದರ ಮೇಲೆಯೇ. ಕ್ಯಾಸೆಟ್ ಒಳಗೆ ಪ್ರೋಗ್ರಾಂ ಚಿಪ್ ಒಂದು, ಚಿತ್ರದ ಚಿಪ್ ಇನ್ನೊಂದು. ಅವನು ಪ್ರೋಗ್ರಾಂ ಚಿಪ್ ಕಿತ್ತು, ತಾನು ಬರೆದ ಕೋಡ್ ಇರುವ ಚಿಪ್ ಸೋಲ್ಡರ್ ಮಾಡಿದ. ಚಿತ್ರದ ಚಿಪ್ ಮುಟ್ಟಲೇ ಇಲ್ಲ. ಹಾಗಾಗಿ ತೆರೆಯ ಮೇಲೆ ಕಾಣುವುದು ಮೋಡದ ನಕಲಲ್ಲ, ನಿಂಟೆಂಡೊ ಕಾರ್ಖಾನೆಯಲ್ಲಿ ಕೂರಿಸಿದ ಅದೇ ಮೋಡ. ಅಳಿಸಿದ ಅಂತ ಎಲ್ಲರೂ ಹೇಳುತ್ತಾರೆ, ಅವನೂ ಹಾಗೇ ಹೇಳುತ್ತಾನೆ. ಆದರೆ ಕೆಲಸ ನೋಡಿದರೆ ಅದು ಅಳಿಸುವುದಲ್ಲ, ಹೊಸದಾಗಿ ಬರೆಯುವುದು. ಇಡೀ ಗೇಮ್ ಎತ್ತಿಟ್ಟು ಅದರ ಜಾಗದಲ್ಲಿ ಆಕಾಶ ಮಾತ್ರ ಗೊತ್ತಿರುವ ಒಂದು ಪುಟ್ಟ ಪ್ರೋಗ್ರಾಂ ಕೂರಿಸುವುದು. ನನಗೆ ಇದು ಅರ್ಥವಾದ ದಿನವೇ ಮಾಡುವ ಧೈರ್ಯವೂ ಬಂದದ್ದು, ಯಾಕೆಂದರೆ ಬೇರೆಯವರ ಸಾವಿರಾರು ಸಾಲು ಕೋಡ್ ಓದಿ ಅದರಲ್ಲಿ ಏನು ತೆಗೆಯಬೇಕು ಅಂತ ಹುಡುಕುವ ಕೆಲಸವೇ ಇಲ್ಲ.

ನಿಮ್ಮ ಮೋಡ ಬರೆಯಿರಿ

ನಿಂಟೆಂಡೊ ಚಿತ್ರಗಳನ್ನು ಎತ್ತಿಕೊಂಡು ನಿಮ್ಮ ಫೈಲ್‌ನಲ್ಲಿ ಹಾಕಿ ಹಂಚಬೇಡಿ, ಅದರ ಹಕ್ಕು ಅವರದು. ಅದಕ್ಕಿಂತ ಮುಖ್ಯ, ನಿಮ್ಮ ತಲೆಯ ಮೇಲೆ ನಿಮ್ಮದೇ ಆಕಾಶ ಇದೆ. ನಾನು ಬರೆದದ್ದು ಜೂನ್ ತಿಂಗಳಲ್ಲಿ ನಮ್ಮ ಮನೆಯ ಹಿಂದಿನ ಗುಡ್ಡದ ಮೇಲೆ ಬಂದು ಕೂರುವ ಮುಂಗಾರಿನ ಮೋಡ. ಕೆಳಗಡೆ ಚಪ್ಪಟೆ, ಮೇಲೆ ಹೂಕೋಸಿನ ಹಾಗೆ ಉಬ್ಬು.

ಈ ಯಂತ್ರ ಚಿತ್ರವನ್ನು ಟೈಲ್ ಲೆಕ್ಕದಲ್ಲಿ ನೋಡುತ್ತದೆ. ಒಂದು ಟೈಲ್ ಅಂದರೆ ಉದ್ದಕ್ಕೆ 8, ಅಗಲಕ್ಕೆ 8 ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ 4 ಬಣ್ಣಗಳಲ್ಲಿ ಒಂದು, ಆ ನಾಲ್ಕರಲ್ಲಿ ಒಂದು ಹಿನ್ನೆಲೆಯ ಬಣ್ಣ, ಅಂದರೆ ಇಲ್ಲಿ ಆಕಾಶ. ಒಂದು ಟೈಲ್‌ಗೆ 16 ಬೈಟ್ ಸಾಕು. ಮೊದಲು ಲೆಕ್ಕದ ಪುಸ್ತಕದಲ್ಲಿ ಉದ್ದ 48, ಎತ್ತರ 24 ಚೌಕದ ಒಂದು ಡಬ್ಬಿ ಎಳೆದು ಅದರೊಳಗೆ ಮೋಡ ಬರೆಯಿರಿ. ಅದು 18 ಟೈಲ್ ಆಗುತ್ತದೆ. ಆಮೇಲೆ ಒಂದೇ ಥರ ಇರುವ ಟೈಲ್‌ಗಳನ್ನು ಹುಡುಕಿ ಒಂದನ್ನೇ ಇಟ್ಟುಕೊಳ್ಳಿ. ಪೂರ್ತಿ ಬಿಳಿ ಇರುವ ಟೈಲ್ ಒಂದೇ ಸಾಕು. ನನ್ನದು ಕೊನೆಗೆ 11 ಟೈಲ್‌ಗೆ ಬಂತು.

ಕಂಪ್ಯೂಟರ್‌ನಲ್ಲಿ ನೇರವಾಗಿ ಶುರು ಮಾಡಿದರೆ ಏನಾಗುತ್ತದೆ ಗೊತ್ತಾ, ಕೈ ತಾನಾಗಿಯೇ ಮಾರಿಯೋ ಮೋಡವನ್ನೇ ಬರೆಯುತ್ತದೆ. ಅಷ್ಟು ಕೂತುಬಿಟ್ಟಿದೆ ಅದು ತಲೆಯಲ್ಲಿ. ಪೆನ್ಸಿಲ್ ಹಿಡಿದು ಹಿತ್ತಲಲ್ಲಿ ಕೂತರೆ ಆ ಕಾಟ ಇಲ್ಲ.

ಬಣ್ಣದ ಬಗ್ಗೆ: ನೆಸ್‌ಗೆ ಅದರದ್ದೇ ಒಂದು ಬಣ್ಣದ ಪಟ್ಟಿ ಇದೆ, ನಿಮಗೆ ಬೇಕಾದ ಬಣ್ಣ ಬೆರೆಸಲು ಬರುವುದಿಲ್ಲ, ಇರುವುದರಲ್ಲಿ ಆರಿಸಬೇಕು. ಒಂದೊಂದು ಬಣ್ಣಕ್ಕೂ ಒಂದು ನಂಬರ್ ($ ಅಂದರೆ ದುಡ್ಡಲ್ಲ, ಹದಿನಾರರ ಲೆಕ್ಕದ ಸಂಖ್ಯೆ ಅನ್ನುವ ಗುರುತು). ಮಾರಿಯೋದ ಆಕಾಶ $22. ಮೋಡದ ಬಿಳಿ $30, ಒಳಗಿನ ತಿಳಿನೀಲಿ $21. ಮಳೆಯ ಆಕಾಶ ಬೇಕಿದ್ದರೆ ಬೂದು ಬಣ್ಣಗಳು $00 ಮತ್ತು $10 ಇವೆ. ನಾನು ಆಕಾಶಕ್ಕೆ $10 ಹಾಕಿ ಮೋಡಕ್ಕೆ $00 ಕೊಟ್ಟೆ, ಆಕಾಶಕ್ಕಿಂತ ಮೋಡ ಕಪ್ಪಗೆ. ಒಂದು ನಂಬರ್ ಬದಲಿಸಿದರೆ ಹೊತ್ತೇ ಬದಲಾಗುತ್ತದೆ, ಬೆಳಿಗ್ಗೆ ಇದ್ದದ್ದು ಸಂಜೆ ಆಗುತ್ತದೆ. ಒಂದು ದಿನ ಪೂರ್ತಿ ಇದರಲ್ಲೇ ಕಳೆದರೂ ತಪ್ಪಿಲ್ಲ.

ಆಕಾಶದಲ್ಲಿ ಜೋಡಿಸುವುದು

ತೆರೆ 256 ಪಿಕ್ಸೆಲ್ ಅಗಲ, 240 ಎತ್ತರ. ಟೈಲ್ ಲೆಕ್ಕದಲ್ಲಿ 32 ಅಡ್ಡ, 30 ಉದ್ದ, ಒಟ್ಟು 960. ಯಾವ ಜಾಗದಲ್ಲಿ ಯಾವ ಟೈಲ್ ಅಂತ ಹೇಳುವ ಪಟ್ಟಿಗೆ ನೇಮ್‌ಟೇಬಲ್ ಅನ್ನುತ್ತಾರೆ. ಅದರ ಕೊನೆಯಲ್ಲಿ ಇನ್ನೂ 64 ಬೈಟ್ ಇರುತ್ತವೆ, ಯಾವ ಭಾಗಕ್ಕೆ ಯಾವ ಪ್ಯಾಲೆಟ್ (ನಾಲ್ಕು ಬಣ್ಣಗಳ ಕಟ್ಟು) ಅಂತ ಅವು ಹೇಳುತ್ತವೆ. ಒಂದೇ ಪ್ಯಾಲೆಟ್ ಬಳಸಿದರೆ ಆ 64ಕ್ಕೂ ಸೊನ್ನೆ ಹಾಕಿ ಮುಂದೆ ಹೋಗಿ. ಹೀಗೆ ಒಂದು ತೆರೆಗೆ 1024 ಬೈಟ್. ಯಂತ್ರದಲ್ಲಿ ಎರಡು ತೆರೆಗೆ ಆಗುವಷ್ಟು ಜಾಗ ಇದೆ, ಪಕ್ಕಪಕ್ಕದಲ್ಲಿ ಇಟ್ಟರೆ 512 ಪಿಕ್ಸೆಲ್ ಅಗಲದ ಆಕಾಶ ಸಿಗುತ್ತದೆ, ಮುಗಿದ ಮೇಲೆ ಮತ್ತೆ ಮೊದಲಿನಿಂದ.

ಪಕ್ಕಪಕ್ಕದಲ್ಲಿ ಇಡುವುದಕ್ಕೆ ಫೈಲ್‌ನ ತಲೆಭಾಗದಲ್ಲಿ ವರ್ಟಿಕಲ್ ಮಿರರಿಂಗ್ ಅಂತ ಹೇಳಬೇಕು. ಹೆಸರು ಉಲ್ಟಾ ಕೇಳಿಸುತ್ತದೆ, ಮೋಡ ಅಡ್ಡಕ್ಕೆ ಹೋಗುವಾಗ ವರ್ಟಿಕಲ್ ಯಾಕೆ ಅಂತ. ಪ್ರತಿಬಿಂಬ ಮೇಲೆ ಕೆಳಗೆ ಇರುತ್ತದೆ, ಅಡ್ಡಕ್ಕೆ ಎರಡು ಬೇರೆ ತೆರೆ ಇರುತ್ತವೆ, ಅದಕ್ಕೆ ಆ ಹೆಸರು. ತಲೆಭಾಗ 16 ಬೈಟ್‌ನದು. ಫೈಲ್ ಗುರುತಿನ 4 ಬೈಟ್ ಆದ ಮೇಲೆ 2, 1, 1 ಅಂತ ಬರೆಯಿರಿ: 16 ಕಿಲೋಬೈಟ್‌ನ 2 ತುಂಡು ಪ್ರೋಗ್ರಾಂ, 8 ಕಿಲೋಬೈಟ್‌ನ 1 ತುಂಡು ಚಿತ್ರ, ಮತ್ತು ಆ ಮಿರರಿಂಗ್. ಉಳಿದದ್ದು ಸೊನ್ನೆ.

ಮೋಡಗಳನ್ನು ಎಲ್ಲಿ ಇಡಬೇಕು ಅನ್ನುವುದು ನಿಮ್ಮ ಕಣ್ಣಿಗೆ ಬಿಟ್ಟದ್ದು, ಆದರೆ ಸಮ ಅಂತರದಲ್ಲಿ ಮಾತ್ರ ಇಡಬೇಡಿ. ಸಮವಾಗಿ ಇಟ್ಟರೆ ಎರಡನೇ ಸುತ್ತಿಗೇ ನೋಡುವವರಿಗೆ ತಿಳಿದುಬಿಡುತ್ತದೆ, ಮದುವೆ ಚಪ್ಪರದ ತೋರಣದ ಹಾಗೆ ಕಾಣುತ್ತದೆ. ಒಂದು ಕಡೆ ಮೂರು ಗುಂಪಾಗಿ ಇರಲಿ. ಒಂದು ಕಡೆ ಖಾಲಿ ಬಿಡಿ, ಧಾರಾಳವಾಗಿ ಬಿಡಿ. ಖಾಲಿ ಆಕಾಶದಲ್ಲಿ ಒಂದು ಮೋಡ ಬರುವುದನ್ನು ಕಾಯುವ ಆ ಕೆಲವು ಸೆಕೆಂಡು ಇದೆಯಲ್ಲ, ನೋಡುವವರು ನಿಲ್ಲುವುದು ಅಲ್ಲಿಯೇ.

ಕೋಡ್

ಹೆದರಬೇಡಿ, ಇದು ನೂರು ನೂರೈವತ್ತು ಸಾಲಿನ ಕೆಲಸ. ಪ್ರೊಸೆಸರ್ 6502 ಜಾತಿಯದು, ಅದರ ಭಾಷೆಯಲ್ಲಿ ನಮಗೆ ಬೇಕಾಗುವುದು ಹತ್ತು ಹನ್ನೆರಡು ಆದೇಶ ಮಾತ್ರ. ನಡೆಯುವುದು ಹೀಗೆ. ಸ್ವಿಚ್ ಹಾಕಿದ ತಕ್ಷಣ $2000 ಮತ್ತು $2001ಕ್ಕೆ ಸೊನ್ನೆ ಬರೆದು ತೆರೆ ಆಫ್ ಮಾಡಿ ($20ರಿಂದ ಶುರುವಾಗುವ ಇವೆಲ್ಲ ಯಂತ್ರದೊಳಗೆ ಚಿತ್ರ ಬರೆಯುವ ಚಿಪ್‌ನ ವಿಳಾಸಗಳು). ಆ ಚಿಪ್‌ಗೆ (ಕ್ಯಾಸೆಟ್ ಒಳಗಿನ ಚಿತ್ರದ ಚಿಪ್ ಬೇರೆ) ಸಜ್ಜಾಗಲು ಸ್ವಲ್ಪ ಹೊತ್ತು ಬೇಕು, ಅದಕ್ಕೆ $2002 ಓದುತ್ತಾ ಎರಡು ಸಲ ತೆರೆಯ ಬಿಡುವು ಬರುವ ತನಕ ಕಾಯಿರಿ. ಬಿಡುವು ಅಂದರೆ ಟಿವಿ ಒಂದು ಚಿತ್ರ ಕೆಳತನಕ ಬರೆದು ಮುಗಿಸಿ ಮತ್ತೆ ಮೇಲಕ್ಕೆ ಹೋಗುವ ಆ ಚಿಕ್ಕ ಹೊತ್ತು. ಆಮೇಲೆ $2006ಕ್ಕೆ ವಿಳಾಸ ಕೊಟ್ಟು $2007ಕ್ಕೆ ಒಂದೊಂದೇ ಬೈಟ್ ಸುರಿಯಿರಿ: ಮೊದಲು ಬಣ್ಣ, ನಂತರ ಎರಡು ನೇಮ್‌ಟೇಬಲ್. ಇಷ್ಟಾದ ಮೇಲೆ ತೆರೆ ಹಚ್ಚಿ. ಪ್ರೋಗ್ರಾಂ ಇಲ್ಲಿಗೆ ಬಂದು ತನ್ನ ಸುತ್ತ ತಾನೇ ಸುತ್ತುತ್ತಾ ನಿಲ್ಲಲಿ, ಬೇರೆ ಕೆಲಸ ಅದಕ್ಕಿಲ್ಲ.

ತೇಲಿಸುವ ಕೆಲಸ ಪ್ರತಿ ಬಿಡುವಿನಲ್ಲಿ ಆಗುತ್ತದೆ. ಒಂದು ಸಂಖ್ಯೆ ಇಟ್ಟುಕೊಂಡು ಅದಕ್ಕೆ ಒಂದು ಕೂಡಿಸಿ, $2005ಕ್ಕೆ ಮೊದಲು ಆ ಸಂಖ್ಯೆ, ಆಮೇಲೆ ಸೊನ್ನೆ ಬರೆಯಿರಿ. ಮೊದಲನೆಯದು ಅಡ್ಡಕ್ಕೆ, ಎರಡನೆಯದು ಉದ್ದಕ್ಕೆ. ಅಷ್ಟೇ. ಮೋಡಗಳು ನಡೆಯಲು ಶುರು ಮಾಡುತ್ತವೆ. ನನ್ನ ಮನೆಯಲ್ಲಿ ಮೊದಲ ಸಲ ಅದು ನಡೆದಾಗ ರಾತ್ರಿ ಒಂದು ಗಂಟೆ, ಅಮ್ಮನನ್ನು ಎಬ್ಬಿಸಿ ತೋರಿಸಿದ್ದೆ.

ಇಲ್ಲಿ ಎಲ್ಲರೂ ಬೀಳುವ ಒಂದು ಹಳ್ಳ ಇದೆ. ಆ ಸಂಖ್ಯೆ 255 ಆದ ಮೇಲೆ ಮತ್ತೆ ಸೊನ್ನೆಗೆ ಬರುತ್ತದೆ. ಆ ಕ್ಷಣದಲ್ಲಿ $2000ರ ಕೊನೆಯ ಬಿಟ್ ತಿರುಗಿಸಿ ಎರಡನೇ ತೆರೆಗೆ ಹೋಗು ಅಂತ ಹೇಳದಿದ್ದರೆ ಇಡೀ ಆಕಾಶ ಹಿಂದಕ್ಕೆ ಜಿಗಿಯುತ್ತದೆ. ನಾನು ಮೂರು ದಿನ ನನ್ನ ಚಿತ್ರದಲ್ಲೇ ತಪ್ಪಿದೆ ಅಂದುಕೊಂಡು ಟೈಲ್‌ಗಳನ್ನು ತಿದ್ದುತ್ತಾ ಕೂತಿದ್ದೆ. ಇನ್ನೊಂದು: ಬಿಡುವಿನಲ್ಲಿ ಬೇರೆ ಏನಾದರೂ ಬರೆಯುವುದಿದ್ದರೆ ಅದನ್ನೆಲ್ಲ ಮೊದಲು ಮುಗಿಸಿ, $2005 ಕೊನೆಗೆ ಇರಲಿ, ಯಾಕೆಂದರೆ $2006 ಮುಟ್ಟಿದರೆ ಸ್ಕ್ರೋಲ್, ಅಂದರೆ ಆಕಾಶ ಸರಿಯುವ ಲೆಕ್ಕ, ಕೆಡುತ್ತದೆ. ಮೋಡ ಹರಿದ ಬಟ್ಟೆಯ ಹಾಗೆ ಕಂಡರೆ ಮೊದಲು ಇದನ್ನು ನೋಡಿ.

ವೇಗ

ಇದಕ್ಕೆ ಬೇರೆ ತಲೆಬರಹ ಕೊಟ್ಟಿದ್ದೇನೆ, ಯಾಕೆಂದರೆ ಕಲಾವಿದರಾಗಿ ನೀವು ಮಾಡುವ ಅತಿ ದೊಡ್ಡ ತೀರ್ಮಾನ ಇದು ಅಂತ ನನಗೆ ಅನಿಸುತ್ತದೆ. ಪ್ರತಿ ಫ್ರೇಮ್‌ಗೆ, ಅಂದರೆ ಯಂತ್ರ ಹೊಸದಾಗಿ ಬರೆಯುವ ಒಂದೊಂದು ಚಿತ್ರಕ್ಕೆ, ಒಂದು ಪಿಕ್ಸೆಲ್ ಸರಿಸಿದರೆ ಸೆಕೆಂಡಿಗೆ 60 ಪಿಕ್ಸೆಲ್, ನಾಲ್ಕು ಸೆಕೆಂಡು ಚಿಲ್ಲರೆಯಲ್ಲಿ ಒಂದು ತೆರೆ ದಾಟುತ್ತದೆ. ಅದು ಆಕಾಶ ಅಲ್ಲ, ಬಸ್ಸಿನ ಕಿಟಕಿ. 4 ಫ್ರೇಮ್‌ಗೆ ಒಂದು ಅಂದರೆ ಸೆಕೆಂಡಿಗೆ 15, ಒಂದು ತೆರೆಗೆ ಸುಮಾರು 17 ಸೆಕೆಂಡು. 16 ಫ್ರೇಮ್‌ಗೆ ಒಂದು ಮಾಡಿದರೆ ಒಂದು ನಿಮಿಷಕ್ಕಿಂತ ಜಾಸ್ತಿ ಬೇಕು, ಕಣ್ಣಿಗೆ ಅದು ಜರುಗುವುದೇ ಗೊತ್ತಾಗುವುದಿಲ್ಲ, ಬೇರೆ ಕಡೆ ತಿರುಗಿ ಮತ್ತೆ ನೋಡಿದರೆ ಮೋಡ ಮುಂದೆ ಹೋಗಿರುತ್ತದೆ. ಎಲ್ಲ ವೇಗದಲ್ಲೂ ಓಡಿಸಿ, ಪ್ರತಿಯೊಂದನ್ನೂ ಹತ್ತು ನಿಮಿಷ ಕೂತು ನೋಡಿ, ಆಮೇಲೆ ಆರಿಸಿ.

ಆರ್ಕೇಂಜೆಲ್‌ನ ಬೇರೆ ಕೆಲಸಗಳಲ್ಲೂ ಈ ಕಾಯಿಸುವ ಗುಣ ಇದೆ. ಕಾರ್ ರೇಸಿನ ಒಂದು ಗೇಮ್‌ನಿಂದ ಕಾರುಗಳನ್ನೆಲ್ಲ ತೆಗೆದು ರಸ್ತೆ ಮಾತ್ರ ಉಳಿಸಿದ. 2011ರಲ್ಲಿ ಹಳೆಯ ಕಾಲದಿಂದ ಹೊಸ ಕಾಲದವರೆಗಿನ ಬೌಲಿಂಗ್ (ಕ್ರಿಕೆಟ್ಟಿನದಲ್ಲ, ಚೆಂಡು ಉರುಳಿಸಿ ಗೂಟ ಬೀಳಿಸುವ ಆಟ) ಗೇಮ್‌ಗಳನ್ನು ಸಾಲಾಗಿ ತೋರಿಸಿದ. ಅವು ತಮ್ಮಷ್ಟಕ್ಕೆ ಆಡುತ್ತವೆ, ಪ್ರತಿ ಸಲವೂ ಚೆಂಡು ಪಕ್ಕದ ಕಾಲುವೆಗೇ ಬೀಳುತ್ತದೆ. ಗೆಲುವನ್ನೇ ತೆಗೆದುಹಾಕಿದ ಮೇಲೆ ಗೇಮ್‌ನಲ್ಲಿ ಏನು ಉಳಿಯುತ್ತದೆ ಅನ್ನುವ ಪ್ರಶ್ನೆಯನ್ನು ಅವನು ಬಿಡದೆ ಕೇಳುತ್ತಾ ಬಂದಿದ್ದಾನೆ. ಅವನು ಓದಿದ್ದು ಅಮೆರಿಕದ ಓಬರ್ಲಿನ್ ಕಾಲೇಜಿನಲ್ಲಿ ಸಂಗೀತ, ಹಾಗಾಗಿ ನಿಧಾನ ಲಯದ ಬೆಲೆ ಅವನಿಗೆ ಮೊದಲೇ ಗೊತ್ತಿತ್ತು ಅಂತ ನನ್ನ ಊಹೆ.

ಕ್ಯಾಸೆಟ್‌ಗೆ ಹಾಕುವುದು, ತೋರಿಸುವುದು

ಎಮ್ಯುಲೇಟರ್‌ನಲ್ಲಿ ಓಡಿದರೆ ಅರ್ಧ ಕೆಲಸ ಆಯಿತು. ನಿಜವಾದ ಕ್ಯಾಸೆಟ್ ಬೇಕಿದ್ದರೆ 27ಸಿ256 ಎಂಬ ಇಪ್ರಾಮ್ ಚಿಪ್ (ನಮ್ಮ ಕೋಡ್ ಬರೆದಿಡಲು ಬರುವ ಚಿಪ್) ಬೇಕು, ಸರಿಯಾಗಿ 32 ಕಿಲೋಬೈಟ್ ಹಿಡಿಸುತ್ತದೆ. ಅದಕ್ಕೆ ಬರೆಯಲು ಪ್ರೋಗ್ರಾಮರ್ ಎಂಬ ಒಂದು ಸಾಧನ ಬೇಕು. ಇಂಥ ಸಾಮಾನು ಹುಡುಕಲು ಬೆಂಗಳೂರಿನವರಾದರೆ ಎಸ್.ಪಿ. ರಸ್ತೆ ಸುತ್ತಿ ಬನ್ನಿ. ನಿಮ್ಮದೇ ಚಿತ್ರ ಇರುವುದರಿಂದ ಆರ್ಕೇಂಜೆಲ್‌ಗಿಂತ ಒಂದು ಕೆಲಸ ಜಾಸ್ತಿ, ಚಿತ್ರದ ಚಿಪ್ಪನ್ನೂ ಬದಲಿಸಬೇಕು. ಮೊದಲ ಸಲ ಸೋಲ್ಡರ್ ಹಿಡಿಯುವವರು ಒಳ್ಳೆಯ ಕ್ಯಾಸೆಟ್ ಮೇಲೆ ಕೈ ಮಾಡಬೇಡಿ, ಹಾಳಾದ ರೇಡಿಯೋ ಬೋರ್ಡ್ ಮೇಲೆ ಅಭ್ಯಾಸ ಮಾಡಿ.

ಅಟ್ಟದ ಮೇಲಿರುವ ಹಳೆಯ ಕ್ಯಾಸೆಟ್ ಬಿಚ್ಚಿ ನೋಡೋಣ ಅನ್ನುವವರಿಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಬರುತ್ತಿದ್ದ ಅಗ್ಗದ ಕ್ಯಾಸೆಟ್‌ಗಳಲ್ಲಿ ಎಷ್ಟೋ ಸಲ ಕಾಲು ಇರುವ ಚಿಪ್ಪೇ ಇರುವುದಿಲ್ಲ, ಬೋರ್ಡ್ ಮೇಲೆ ಕಪ್ಪು ಅಂಟಿನ ಒಂದು ಉಂಡೆ ಇರುತ್ತದೆ, ಚಿಪ್ ಅದರೊಳಗೆ. ಅದನ್ನು ಕೀಳಲು ಆಗುವುದಿಲ್ಲ. ಅದನ್ನು ಹಾಗೇ ಜೋಪಾನವಾಗಿ ಇಟ್ಟುಬಿಡಿ. ಅಮೆರಿಕದ ನೆಸ್ ಕ್ಯಾಸೆಟ್‌ಗೆ 72 ಪಿನ್, ಫ್ಯಾಮಿಕಾಮ್ ಮತ್ತು ಅದರ ತದ್ರೂಪುಗಳಿಗೆ 60, ಒಂದರದ್ದು ಇನ್ನೊಂದಕ್ಕೆ ಹಾಗೇ ಕೂರುವುದಿಲ್ಲ. ಇಷ್ಟೆಲ್ಲ ತಾಪತ್ರಯ ಬೇಡ ಅಂದರೆ ಮೆಮೊರಿ ಕಾರ್ಡ್ ಹಾಕುವ ಫ್ಲ್ಯಾಶ್ ಕ್ಯಾಸೆಟ್ ತಗೊಳ್ಳಿ, ಯಂತ್ರ ನಿಜವಾದದ್ದೇ ಇರುತ್ತದೆ.

ತೋರಿಸಲು ಹಳೆಯ ದಪ್ಪ ಟಿವಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಪಿಕ್ಸೆಲ್‌ಗಳ ಅಂಚು ಕರಗಿ ಮೋಡ ಮೋಡದ ಹಾಗೆ ಮೃದುವಾಗುತ್ತದೆ. ಅಂಥ ಟಿವಿಯಲ್ಲಿ ಮೇಲೆ ಕೆಳಗೆ ಕೆಲವು ಸಾಲು ತೆರೆಯ ಹೊರಗೆ ಹೋಗುತ್ತವೆ, ಅಂಚಿನಲ್ಲಿ ಮೋಡ ಇಡಬೇಡಿ. ಪ್ರೊಜೆಕ್ಟರ್ ಆದರೆ ಸರಿಯಾಗಿ 4 ಪಟ್ಟು ದೊಡ್ಡದು ಮಾಡಿ, 1024 ಅಡ್ಡ 960 ಉದ್ದ, 1080ರ ತೆರೆಯಲ್ಲಿ ಹಿಡಿಸುತ್ತದೆ. ಎಮ್ಯುಲೇಟರ್‌ನಲ್ಲಿ ಸ್ಮೂತಿಂಗ್ ಆಫ್ ಮಾಡಿ, ಚೌಕ ಚೌಕವಾಗಿಯೇ ಕಾಣಲಿ. ಯಂತ್ರವನ್ನು ಮೇಜಿನ ಕೆಳಗೆ ಅಡಗಿಸಬೇಡಿ. ಕ್ಯಾಸೆಟ್, ವೈರ್ ಎಲ್ಲ ಕಾಣುವ ಹಾಗೆ ಇಡಿ. ಇದು ಅದರೊಳಗಿಂದ ಬರುತ್ತಿದೆ ಅಂತ ಗೊತ್ತಾದಾಗ ಜನ ಬಗ್ಗಿ ನೋಡುತ್ತಾರೆ, ಮಕ್ಕಳು ಕಂಟ್ರೋಲರ್ ಎಲ್ಲಿ ಅಂತ ಕೇಳುತ್ತಾರೆ.

ಕೊನೆಗೆ ಕೋಡ್, ಟೈಲ್ ಫೈಲ್, ಮಾಡಿದ ವಿಧಾನ ಮೂರನ್ನೂ ಹಂಚಿಕೊಳ್ಳಿ, ಕನ್ನಡದಲ್ಲೇ ಬರೆಯಿರಿ. ಜೊತೆಗೆ ಯಾವ ಯಂತ್ರದಲ್ಲಿ ಓಡಿಸಿದಿರಿ ಅನ್ನುವುದನ್ನು ಮರೆಯದೆ ಹಾಕಿ, ಯಾಕೆಂದರೆ ನಮ್ಮ ಕಡೆಯ ಎಷ್ಟೋ ತದ್ರೂಪು ಯಂತ್ರಗಳು ಪಾಲ್ ಎಂಬ ಟಿವಿ ಪದ್ಧತಿಗೆ ಮಾಡಿದವು, ಅವುಗಳಲ್ಲಿ ಸೆಕೆಂಡಿಗೆ 60ರ ಬದಲು 50 ಫ್ರೇಮ್. 17 ಸೆಕೆಂಡಿನ ಆಕಾಶ ಅಲ್ಲಿ 20 ಸೆಕೆಂಡು ದಾಟುತ್ತದೆ.